ಫ್ಯಾಮಿಲಿ ಕಾನ್‌ಸ್ಟಲೇಶನ್: ಸಹೋದ್ಯೋಗಿಗಳಿಗೆ ಪರಿಚಯಿಸಿದವರು ಅನುಭವ ಹೇಳಿ

ಪ್ರಶ್ನೆ: ನಮ್ಮ ಆಪ್ತಸಮಾಲೋಚನಾ ಕೇಂದ್ರದಲ್ಲಿ ಎಂಟು ಜನ ಇದ್ದೇವೆ. ಫ್ಯಾಮಿಲಿ ಕಾನ್‌ಸ್ಟಲೇಶನ್ (ಮನೆಯವರ ಜಾಗದಲ್ಲಿ ಬೇರೆಯವರನ್ನು ಪ್ರತಿನಿಧಿಗಳಾಗಿ ನಿಲ್ಲಿಸಿ ಸಂಬಂಧಗಳನ್ನು ನೋಡುವ ಪದ್ಧತಿ) ತರಬೇತಿ ಆಗಿರುವುದು ನನಗೊಬ್ಬಳಿಗೇ. ಉಳಿದವರಿಗೆ ಎರಡು ದಿನದ ಶಿಬಿರ ಮಾಡಬೇಕು. ಅರ್ಧ ಜನ ಸಿಬಿಟಿಯವರು (ಯೋಚನೆ, ನಡವಳಿಕೆ ಬದಲಿಸುವ ಚಿಕಿತ್ಸೆಯವರು), ಅವರಿಗೆ ಇದರ ಮೇಲೆ ನಂಬಿಕೆ ಇಲ್ಲ. ಎಲ್ಲಿಂದ ಶುರು ಮಾಡಲಿ?

ಮೈಸೂರಿನಿಂದ:
ಮೇಡಂ, ಮೊದಲ ಸಲ ನಾನು ಈ ಪದ್ಧತಿ ಕಟ್ಟಿದ ಬರ್ಟ್ ಹೆಲ್ಲಿಂಗರ್ ಹೇಳಿದ 'ಪ್ರೀತಿಯ ಕ್ರಮ'ಗಳನ್ನು (ಮನೆಯಲ್ಲಿ ಯಾರ ಸ್ಥಾನ ಎಲ್ಲಿ ಎಂಬ ನಿಯಮಗಳನ್ನು) ಬೋರ್ಡಿನ ಮೇಲೆ ಬರೆದು ಶುರು ಮಾಡಿದೆ. ಹತ್ತು ನಿಮಿಷಕ್ಕೇ ವಾದ ಎದ್ದಿತು, ಬೆಳಗಿನ ಹೊತ್ತೆಲ್ಲ ಅದರಲ್ಲೇ ಹೋಯಿತು. ಎರಡನೇ ಸಲ ಸಿದ್ಧಾಂತದ ಸುದ್ದಿಗೇ ಹೋಗಲಿಲ್ಲ. ಪ್ರತಿಯೊಬ್ಬರೂ ತಮ್ಮ ಮನೆಯ ಮೂರು ತಲೆಮಾರಿನ ಜೀನೋಗ್ರಾಂ (ಸಂಬಂಧಗಳನ್ನೂ ತೋರಿಸುವ ವಂಶವೃಕ್ಷ) ಬರೆದರು. ಆಮೇಲೆ ಒಂದೇ ಪ್ರಶ್ನೆ ಕೇಳಿದೆ: ನಿಮ್ಮ ಮನೆಯಲ್ಲಿ ಯಾರ ಹೆಸರು ಎತ್ತುವುದಿಲ್ಲ? ಹುಟ್ಟಿ ವಾರಕ್ಕೇ ತೀರಿಹೋದ ಕೂಸು, ಅಜ್ಜನ ಮೊದಲ ಹೆಂಡತಿ, ಮನೆ ಬಿಟ್ಟುಹೋದ ಚಿಕ್ಕಪ್ಪ. ಪೆನ್ಸಿಲ್‌ಗಳು ನಿಂತವು.

ಗುಂಪು ಕೂಡಿಸಿ ಪ್ರತಿನಿಧಿಗಳನ್ನು ನಿಲ್ಲಿಸುವ ಮೊದಲು ನೆಲದ ಮೇಲೆ ಹಾಳೆ ಇಟ್ಟು ಮಾಡಿಸಿ. ಒಂದು ಹಾಳೆಗೆ ಒಬ್ಬ ವ್ಯಕ್ತಿ, ಮುಖ ಯಾವ ಕಡೆಗೆ ಎಂದು ತೋರಿಸಲು ಒಂದು ಬಾಣ. ಕ್ಲಿನಿಕ್ಕಿನಲ್ಲಿ ಬರುವುದು ಒಬ್ಬರೇ ಕ್ಲೈಂಟ್ ತಾನೇ? ಸಿಬಿಟಿಯ ಸಹೋದ್ಯೋಗಿಯೊಬ್ಬರು ಅಪ್ಪನ ಹಾಳೆಯನ್ನು ಬಾಗಿಲ ಹತ್ತಿರ, ಬಾಣ ಹೊರಗೆ ಮಾಡಿ ಇಟ್ಟರು. ಅದರ ಮೇಲೆ ನಿಂತು ಬಹಳ ಹೊತ್ತು ಸುಮ್ಮನಿದ್ದು, 'ಇವರು ಹೊರಟವರಲ್ಲ, ಯಾರನ್ನೋ ಕಾಯುತ್ತಿದ್ದಾರೆ' ಎಂದರು. ನಾನು ಅರ್ಥ ಹೇಳಲಿಲ್ಲ. ಇದು ಪರೀಕ್ಷಿಸಿ ನೋಡಬೇಕಾದ ಊಹೆ ಎಂದಷ್ಟೇ ಬರೆದುಕೊಂಡೆವು. ಅವರು ಒಪ್ಪಿದ್ದು ಆ ಕಾರಣಕ್ಕೇ. ವರ್ಜೀನಿಯಾ ಸಟೀರ್ ಅವರ ಕುಟುಂಬ ಶಿಲ್ಪ (ಮನೆಯವರನ್ನು ಶಿಲ್ಪದಂತೆ ನಿಲ್ಲಿಸಿ ನೋಡುವುದು), ಮೊರೆನೊ ಅವರ ಸೈಕೋಡ್ರಾಮಾ (ಅಭಿನಯದ ಮೂಲಕ ಚಿಕಿತ್ಸೆ) ಇದರ ಹಿಂದಿವೆ ಎಂದು ಮಧ್ಯಾಹ್ನ ಹೇಳಿದಾಗ ಯಾರೂ ಮುಖ ಸಿಂಡರಿಸಲಿಲ್ಲ.

ಹುಬ್ಬಳ್ಳಿಯಿಂದ:
ಸಾಕ್ಷ್ಯದ ವಿಷಯ ಮುಚ್ಚಿಡಬೇಡ್ರಿ. ಹೈಡಲ್‌ಬರ್ಗಿನಲ್ಲಿ (ಜರ್ಮನಿ) ಇದರ ಮೇಲೆ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು: 208 ವಯಸ್ಕರು, ಮೂರು ದಿನದ ಸೆಮಿನಾರ್, ಹೋಲಿಕೆಗೆಂದು ಅರ್ಧ ಜನ ಕಾಯುವ ಪಟ್ಟಿಯಲ್ಲಿ. ಸೆಮಿನಾರಿಗೆ ಬಂದವರಲ್ಲಿ ಎರಡು ವಾರಕ್ಕೂ ನಾಲ್ಕು ತಿಂಗಳಿಗೂ ಸುಧಾರಣೆ ಕಂಡಿತು. ಆದರೆ ಅವರು ಸಾಮಾನ್ಯ ಜನ, ಆಸ್ಪತ್ರೆಯ ರೋಗಿಗಳಲ್ಲ. ಎರಡನ್ನೂ ಒಟ್ಟಿಗೇ ಹೇಳ್ರಿ. ಹೆಲ್ಲಿಂಗರ್ ಅವರ ಪದ್ಧತಿಯಿಂದ ಜರ್ಮನಿಯ ಸಿಸ್ಟಮಿಕ್ (ಕುಟುಂಬವನ್ನು ಒಟ್ಟಾಗಿ ನೋಡುವ) ಚಿಕಿತ್ಸಕರೇ 2004ರಲ್ಲಿ ಪೋಟ್ಸ್‌ಡಾಮ್ ಘೋಷಣೆ ಹೊರಡಿಸಿ ದೂರ ಸರಿದರು ಎಂಬುದನ್ನೂ ಹೇಳ್ರಿ.

ಒಂದು ಶಿಬಿರದಲ್ಲಿ ಕಣ್ಣಾರೆ ಕಂಡದ್ದು ಹೇಳುತ್ತೇನೆ. ತನ್ನ ಮೇಲೆ ದೌರ್ಜನ್ಯ ಮಾಡಿದ ಸಂಬಂಧಿಕನ ಪ್ರತಿನಿಧಿಯ ಎದುರು ಒಬ್ಬ ಹುಡುಗಿಗೆ ತಲೆಬಾಗು ಅಂದರು. ಆಕೆ ಬಾಗಿದಳು, ಕೈ ನಡುಗುತ್ತಿತ್ತು. ಆಮೇಲೆ ಯಾರೂ ಆಕೆಯನ್ನು ಮಾತಾಡಿಸಲಿಲ್ಲ. ನಾನೂ ಎದ್ದು 'ನಿಲ್ಲಿಸ್ರಿ' ಅನ್ನಲಿಲ್ಲ, ಅದು ಇವತ್ತಿಗೂ ನನ್ನ ಕಾಡುತ್ತದೆ. ನಿಮ್ಮ ಶಿಬಿರದಲ್ಲಿ 'ಬೇಡ' ಅನ್ನುವುದನ್ನು ಮೊದಲ ತಾಸಿನಲ್ಲೇ ಅಭ್ಯಾಸ ಮಾಡಿಸ್ರಿ, ಕ್ಲೈಂಟ್ ಹೇಳಲಿಕ್ಕೂ, ಚಿಕಿತ್ಸಕರು ಹೇಳಲಿಕ್ಕೂ. ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಕಾಯಿಲೆ) ಇರುವವರು, ಆತ್ಮಹತ್ಯೆಯ ಯೋಚನೆ ಇರುವವರು, ಆಘಾತ ಇನ್ನೂ ಹಸಿಯಾಗಿರುವವರು ಇದ್ದರೆ ಇದನ್ನು ಮಾಡಿಸಲೇಬಾರದು.

ಶಿವಮೊಗ್ಗದಿಂದ:
ನಮ್ಮ ಕಡೆ ಕ್ಲೈಂಟ್ ಕೇಳುವ ಮೊದಲ ಪ್ರಶ್ನೆ, 'ಹಾಗಾದ್ರೆ ಇದು ಪಿತೃದೋಷವಾ?' ಸಹೋದ್ಯೋಗಿಗಳಿಗೆ ಇದಕ್ಕೆ ಉತ್ತರ ಬಾಯಲ್ಲಿ ಸಿದ್ಧವಿರಲಿ. ನಾನು ಹೇಳುವುದು: ಹಿರಿಯರು ಏನು ಮಾಡಿದರು ಅಂತ ಇದು ಹೇಳುವುದಿಲ್ಲ, ಅವರನ್ನು ನೀವು ಮನಸ್ಸಿನಲ್ಲಿ ಎಲ್ಲಿ ಇಟ್ಟುಕೊಂಡಿದ್ದೀರಿ ಅಂತ ತೋರಿಸುತ್ತದೆ. ಪ್ರತಿನಿಧಿ ಆಡಿದ ಮಾತು ಸತ್ತವರ ಬಗ್ಗೆ ಸುದ್ದಿಯಲ್ಲ. ಒಬ್ಬರು ಅದನ್ನೇ ನಿಜವೆಂದುಕೊಂಡು ಮನೆಗೆ ಹೋಗಿ ತಾಯಿಯನ್ನು ತರಾಟೆಗೆ ತೆಗೆದುಕೊಂಡಿದ್ದರು. ಆಮೇಲೆ ಅದನ್ನು ಸರಿಮಾಡಲು ನಾಲ್ಕು ಸೆಷನ್ ಬೇಕಾಯಿತು.

ಪಾತ್ರದಿಂದ ಹೊರಬರುವುದಕ್ಕೆ ಸಮಯ ಬಿಡಿ. ತಮ್ಮ ಹೆಸರು ಜೋರಾಗಿ ಹೇಳಲಿ, ಮುಖ ತೊಳೆಯಲಿ, ಹೊರಗೆ ಒಂದು ಸುತ್ತು ಹಾಕಿ ಬರಲಿ. ಎರಡನೇ ದಿನ ಊಟವಾದ ಮೇಲೆ ಹೊಸದಾಗಿ ಯಾರ ಮನೆಯದನ್ನೂ ತೆರೆಯಬೇಡಿ. ವಾರ ಬಿಟ್ಟು ಏಳೂ ಜನರಿಗೆ ನೀವೇ ಫೋನ್ ಮಾಡಿ.