ಸಹಾಯ ಬೇಕು: ಅತ್ತೆಯವರಿಗೆ ಇನ್ಹೇಲರ್ ಅಂದ್ರೆ ಭಯ

ಎಲ್ಲರಿಗೂ ನಮಸ್ಕಾರ. ಮಗನಿಗೆ ಏಳು ವರ್ಷ, ಅಸ್ತಮಾ ಇದೆ. ಬುಡೆಸೊನೈಡ್ ಇನ್ಹೇಲರ್ ದಿನಾ ಎರಡು ಹೊತ್ತು, ಸ್ಪೇಸರ್ (ಇನ್ಹೇಲರ್‌ಗೆ ಜೋಡಿಸೋ ಕೊಳವೆ) ಹಾಕಿ ಕೊಡ್ತೀವಿ, ಆಮೇಲೆ ಬಾಯಿ ಮುಕ್ಕಳಿಸ್ತಾನೆ. ಉಬ್ಬಸ ಬಂದಾಗ ಮಾತ್ರ ಸಾಲ್ಬುಟಮಾಲ್.

ರಾಯಚೂರಿಂದ ಅತ್ತೆ ಬಂದಿದ್ದಾರೆ. "ಇದು ಚಟಾ ಹತ್ತತೈತವ್ವಾ. ಮಿರಗದಾಗ ಹೈದ್ರಾಬಾದಿಗೆ ಕರ್ಕೊಂಡು ಹೋಗಿ ಮೀನು ನುಂಗಿಸೋಣ" ಅಂತ ಒಂದೇ ಹಟ. ಮೃಗಶಿರ ಮಳೆ ಶುರುವಾಗೋ ಹೊತ್ತಿಗೆ ಅಲ್ಲಿ ಅಸ್ತಮಾಕ್ಕೆ ಅಂತ ಮದ್ದು ಇಟ್ಟು ನುಂಗಿಸೋ ಬೆರಳುದ್ದದ ಜೀವಂತ ಮೀನು! ಕೇಳಿದಾಗಿನಿಂದ ಮಗ ಊಟಕ್ಕೆ ಬಾಯಿ ತೆರೆಯೋಕೂ ಅನುಮಾನ ಪಡ್ತಾನೆ.

ಕಳೆದ ವಾರ ನನಗೆ ಬೆಳಗಿನ ಶಿಫ್ಟ್. ಮೂರು ದಿನ ಆದ್ಮೇಲೆ ನೋಡಿದ್ರೆ ಇನ್ಹೇಲರ್ ಹಿಂದಿನ ಕೌಂಟರ್‌ನಲ್ಲಿ ಇರಬೇಕಾದ್ದಕ್ಕಿಂತ ಜಾಸ್ತಿ ಡೋಸ್ ಉಳಿದಿದೆ. ಬೆಳಗಿನ ಡೋಸ್ ಕೊಟ್ಟೇ ಇಲ್ಲ. ಆ ರಾತ್ರಿ ಎರಡು ಗಂಟೆಗೆ ಕೆಮ್ಮು ಶುರುವಾಯ್ತು, ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಸಂದು ಒಳಗೆ ಹೋಗ್ತಿತ್ತು. ನೇರ ಆಸ್ಪತ್ರೆಗೆ ಓಡಿದ್ವಿ, ನೆಬ್ಯುಲೈಸ್ ಮಾಡಿದ್ರು (ಔಷಧಿಯನ್ನ ಮಂಜಿನ ಥರ ಮಾಡಿ ಮಾಸ್ಕ್‌ನಲ್ಲಿ ಉಸಿರಾಡಿಸೋದು).

ಅತ್ತೆ ಕೆಟ್ಟವರಲ್ಲ. ದಾರಿಯುದ್ದಕ್ಕೂ ಮೊಮ್ಮಗನ ಬೆನ್ನು ಸವರ್ತಾ ಅಳ್ತಿದ್ರು. ನಮ್ಮ ಮಾವನವರಿಗೂ ದಮ್ಮಿತ್ತು, ಕೊನೆಕೊನೆಗೆ ಇನ್ಹೇಲರ್ ಹಿಡಿದೇ ಹೋದ್ರು. ಅದೇ ಅವರ ಮನಸ್ಸಲ್ಲಿ ಕೂತಿದೆ.

ದಿನಾ ಕೊಡೋದು ಶ್ವಾಸನಾಳದ ಊತ ತಗ್ಗಿಸೋಕೆ, ಚಟ ಹತ್ತೋ ಔಷಧಿ ಅಲ್ಲ ಅಂತ ನಾನು ಹೇಳಿದ್ರೆ "ನೀನೇನು ಡಾಕ್ಟರಾ" ಅಂತಾರೆ. ನಿಮ್ಮ ಮನೆಯ ಹಿರಿಯರನ್ನ ಹೇಗೆ ಒಪ್ಪಿಸಿದ್ರಿ? ಡಾಕ್ಟರ್ ಹತ್ರ ಅವರನ್ನೂ ಕರ್ಕೊಂಡು ಹೋಗಿದ್ದು ಯಾರಿಗಾದ್ರೂ ಕೆಲಸಕ್ಕೆ ಬಂತಾ? ಕನ್ನಡದಲ್ಲಿ, ಅದರಲ್ಲೂ ನಮ್ಮ ಕಡೆ ಮಾತಲ್ಲಿ ವಿವರಿಸೋ ವಿಡಿಯೋ ಇದ್ರೆ ದಯವಿಟ್ಟು ಕಳಿಸಿ. ಮನೆಮದ್ದು ಮಾತ್ರ ಬೇಡ ಪ್ಲೀಸ್, ಅದು ಈಗಾಗಲೇ ಮನೆ ತುಂಬಾ ಇದೆ.