ಮೊದಲ ಗೌರಿ ಹಬ್ಬ, ಅಂಗಡಿಯಲ್ಲಿ ರಜೆ ಇಲ್ಲ: ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಕೇಳಿದವರು:

ನಾನು ಬೆಂಗಳೂರಿನ ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ಸೀರೆ ಸೆಕ್ಷನ್ ನೋಡಿಕೊಳ್ಳುತ್ತೇನೆ. ಸೇರಿ ಎಂಟು ತಿಂಗಳಾಯಿತು. ಏಪ್ರಿಲ್‌ನಲ್ಲಿ ಮದುವೆಯಾಯಿತು, ಹಾಗಾಗಿ ಈ ಸಲದ್ದು ನನ್ನ ಮೊದಲ ಗೌರಿ ಹಬ್ಬ. ತವರು ತಿಪಟೂರು ಕಡೆ. ಅಮ್ಮ ಬಾಗಿನದ ಮೊರಕ್ಕೆ ಆಗಲೇ ಹೇಳಿಟ್ಟಿದ್ದಾರೆ. ಇತ್ತ ನಮ್ಮ ಫ್ಲೋರ್ ಮ್ಯಾನೇಜರ್, ವರಮಹಾಲಕ್ಷ್ಮಿಯಿಂದ ದೀಪಾವಳಿವರೆಗೆ ಯಾರಿಗೂ ರಜೆ ಇಲ್ಲ, ವೀಕ್ ಆಫ್ ಕೂಡ ಕ್ಯಾನ್ಸಲ್ ಎಂದಿದ್ದಾರೆ. ಇನ್ನೂ ಆಷಾಢ ಮುಗಿದಿಲ್ಲ, ಈಗಲೇ ಹೊಟ್ಟೆಯಲ್ಲಿ ತಳಮಳ. ಅಂಗಡಿ ಕೆಲಸದಲ್ಲಿ ಇರುವ ಅಕ್ಕ, ಅಣ್ಣಂದಿರೇ, ಹಬ್ಬಕ್ಕೆ ನೀವು ಹೇಗೆ ರಜೆ ಹೊಂದಿಸುತ್ತೀರಿ? ಕಾನೂನು ಅಂತ ಏನಾದರೂ ಇದೆಯಾ? ಕೆಲಸ ಕಳೆದುಕೊಳ್ಳುವ ಹಾಗಿಲ್ಲ, ಮನೆ ಬಾಡಿಗೆ ನನ್ನ ಸಂಬಳದಿಂದಲೇ ಹೋಗುವುದು.

ಮೊಬೈಲ್ ಅಂಗಡಿ, ಮಂಡ್ಯ:

ಏನು ಬೇಕಾದರೂ ಮಾಡಿ, ಸುಳ್ಳು ಮಾತ್ರ ಹೇಳಬೇಡಿ. ನಾನು ಒಂದು ಯುಗಾದಿಗೆ ಕಾಮಾಲೆ ಅಂತ ಹೇಳಿ ಊರಿಗೆ ಹೋಗಿದ್ದೆ. ಮಾರನೇ ದಿನ ತುಪ್ಪ ಸುರಿದ ಹೋಳಿಗೆಯ ಫೋಟೋ ಸ್ಟೇಟಸ್‌ನಲ್ಲಿ ಹಾಕಿಬಿಟ್ಟೆ. ಮ್ಯಾನೇಜರ್ ಬೈಯಲಿಲ್ಲ. ಅದಾದ ಮೇಲೆ ಎರಡು ವರ್ಷ ನಿಜವಾಗಿ ಜ್ವರ ಬಂದರೂ ಹೋಳಿಗೆ ಜ್ವರಾನಾ ಅಂತ ಕೇಳುತ್ತಿದ್ದರು.

ಚಿಕ್ಕಪೇಟೆ, ಸೀರೆ ಅಂಗಡಿ:

ತಂಗಿ, ನಾನು ಚಿಕ್ಕಪೇಟೆಯಲ್ಲಿ ಹತ್ತೊಂಬತ್ತು ವರ್ಷ ಸೀರೆ ಬಿಚ್ಚಿ ಮಡಚಿದವನು. ಈಗ ಫ್ಲೋರ್ ನೋಡಿಕೊಳ್ಳುತ್ತೇನೆ. ಅಂದರೆ 'ರಜೆ ಇಲ್ಲ' ಅನ್ನುವ ಆ ಮನುಷ್ಯ ನಾನೇ. ಅದಕ್ಕೆ ಆ ಕಡೆಯಿಂದ ಹೇಳುತ್ತೇನೆ, ಕೇಳು.

ವರಮಹಾಲಕ್ಷ್ಮಿಯಿಂದ ದೀಪಾವಳಿವರೆಗೆ ಒಂದೇ ಸಮ ಜನ ಇರುತ್ತಾರೆ ಅಂದುಕೊಳ್ಳಬೇಡ. ವರಮಹಾಲಕ್ಷ್ಮಿ ಬರುವುದು ಶುಕ್ರವಾರ. ಅದರ ಹಿಂದಿನ ಭಾನುವಾರದಿಂದ ಗುರುವಾರ ರಾತ್ರಿವರೆಗೆ ನಮಗೆ ನೀರು ಕುಡಿಯಲೂ ಪುರುಸೊತ್ತಿರುವುದಿಲ್ಲ. ಶುಕ್ರವಾರ ಬೆಳಿಗ್ಗೆ ನೊಣ ಹೊಡೆಯುತ್ತಾ ಕೂರುತ್ತೇವೆ. ಸೀರೆ ಕೊಳ್ಳುವ ಹೆಂಗಸರೆಲ್ಲ ಮನೆಯಲ್ಲಿ ಕಳಸದ ಮುಂದೆ ಇರುತ್ತಾರಲ್ಲ! ಗೌರಿ ದಿನದ ಕಥೆಯೂ ಇದೇ. ಮಧ್ಯಾಹ್ನದವರೆಗೆ ಬರುವವರು ಬ್ಲೌಸ್ ಪೀಸ್ ಮರೆತವರು ಮಾತ್ರ. ಹಾಗಾಗಿ ನೀನು ಮ್ಯಾನೇಜರ್ ಹತ್ತಿರ 'ಹಬ್ಬಕ್ಕೆ ರಜೆ ಕೊಡಿ' ಅಂತ ಕೇಳಬೇಡ. 'ಹಿಂದಿನ ಭಾನುವಾರದಿಂದ ಹಬ್ಬದ ಮುನ್ನಾದಿನ ಬಾಗಿಲು ಹಾಕುವವರೆಗೂ ನಾನೇ ಇರುತ್ತೇನೆ, ಗೌರಿ ದಿನ ಒಂದು ಬಿಡಿ, ಗಣೇಶನ ದಿನ ಮಧ್ಯಾಹ್ನಕ್ಕೆ ವಾಪಸ್' ಅಂತ ಕೇಳು. ಎರಡೂ ಕೇಳುವುದು ರಜೆಯನ್ನೇ, ಆದರೆ ನನ್ನ ಕಿವಿಗೆ ಬೇರೆ ಬೇರೆಯಾಗಿ ಬೀಳುತ್ತದೆ.

ಇನ್ನೊಂದು. ಮ್ಯಾನೇಜರ್‌ಗೆ ನೀನು ಹೋಗುತ್ತೀಯ ಅನ್ನುವ ಚಿಂತೆಗಿಂತ, ನಿನಗೆ ಕೊಟ್ಟರೆ ನಾಳೆ ಹತ್ತು ಜನ ಬಂದು ನಿಲ್ಲುತ್ತಾರೆ ಅನ್ನುವ ಚಿಂತೆ ಜಾಸ್ತಿ. ಅದಕ್ಕೆ ನಿನ್ನ ಕೌಂಟರ್‌ನಲ್ಲಿ ನಿಲ್ಲುವವರು ಯಾರು ಅಂತ ನೀನೇ ಹುಡುಕಿ, ಅವರನ್ನು ಜೊತೆಗೆ ಕರೆದುಕೊಂಡೇ ಹೋಗು. ಬಾಯಿಮಾತು ಬೇಡ. ರಜೆ ಪುಸ್ತಕ ಇದ್ದರೆ ಅದರಲ್ಲಿ ಬರೆಸು, ಇಲ್ಲದಿದ್ದರೆ ವಾಟ್ಸಾಪ್‌ನಲ್ಲಿ ದಿನಾಂಕ ಹಾಕಿ ಕಳಿಸು. ಹಬ್ಬದ ಗಲಾಟೆಯಲ್ಲಿ ನನಗೆ ಯಾರಿಗೆ ಏನು ಮಾತು ಕೊಟ್ಟೆ ಅನ್ನುವುದು ನಿಜವಾಗಿಯೂ ಮರೆತುಹೋಗುತ್ತದೆ. ನಾಟಕ ಅಲ್ಲ.

ಆಮೇಲೆ ಪಿತೃಪಕ್ಷ. ಗಣೇಶನ ಹಬ್ಬ ಮುಗಿದು ಹುಣ್ಣಿಮೆ ಕಳೆದ ಮೇಲೆ ಹದಿನೈದು ದಿನ ನಮ್ಮ ಕಡೆ ಹೊಸ ಸೀರೆ ಕೊಳ್ಳುವವರು ಕಡಿಮೆ. ನಾನು ಬಾಕಿ ಇರುವ ವೀಕ್ ಆಫ್ ಎಲ್ಲ ಆಗಲೇ ತೀರಿಸುವುದು. ಮಹಾಲಯ ಅಮಾವಾಸ್ಯೆಯ ಮಾರನೇ ದಿನ ನವರಾತ್ರಿ ಶುರು, ಮತ್ತೆ ಓಟ. ನಿನಗೆ ಕಾಂಪ್ ಆಫ್, ಅಂದರೆ ರಜೆ ದಿನ ದುಡಿದದ್ದಕ್ಕೆ ಬದಲಿ ರಜೆ, ಬರಬೇಕಿದ್ದರೆ ಆ ಹದಿನೈದು ದಿನದಲ್ಲೇ ಕೇಳಿ ತಗೋ. ನವರಾತ್ರಿಗೆ ಕೇಳಿದರೆ ನಾನೂ ಬೈಯುತ್ತೇನೆ.

ಹಿಂದೆ ಒಂದು ಚೈನ್ ಸ್ಟೋರ್‌ನಲ್ಲಿ ಎಚ್‌ಆರ್, ಈಗ ಮನೆಯಲ್ಲಿ:

ಮೇಲಿನ ಅಣ್ಣ ಹೇಳಿದ್ದು ನಡೆಯುವ ದಾರಿ, ಒಪ್ಪುತ್ತೇನೆ. ಆದರೆ ಕಾನೂನು ಇದೆಯಾ ಅಂತ ಕೇಳಿದ್ದೀರಿ, ಅದಕ್ಕೆ ಯಾರಾದರೂ ಉತ್ತರ ಕೊಡಬೇಕಲ್ವಾ.

ನಮ್ಮ ರಾಜ್ಯದಲ್ಲಿ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳಿಗೆಂದೇ 1963ರ ಒಂದು ಕಾಯ್ದೆ ಇದೆ. ಹೆಸರಿನಲ್ಲಿ 'ಕೈಗಾರಿಕಾ ಸಂಸ್ಥೆ' ಅಂತ ಇರುವುದರಿಂದ ಫ್ಯಾಕ್ಟರಿಯವರಿಗೆ ಮಾತ್ರ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಅಂಗಡಿಗಳೂ ಅದರಡಿ ಬರುತ್ತವೆ. ವರ್ಷಕ್ಕೆ ಹತ್ತು ಸಂಬಳಸಹಿತ ರಜೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಇವು ಐದು ಖಾಯಂ. ಉಳಿದ ಐದು ಹಬ್ಬದ್ದು, ಅವು ಅಂಗಡಿಯಿಂದ ಅಂಗಡಿಗೆ ಬೇರೆಯಾಗಬಹುದು. ನಿಮ್ಮ ಅಂಗಡಿಯ ಪಟ್ಟಿ ಕೇಳಿ ನೋಡಿ. ಗಣೇಶ ಚತುರ್ಥಿ ಹೆಚ್ಚಾಗಿ ಇರುತ್ತದೆ, ಗೌರಿ ಇಲ್ಲದಿರುವ ಸಾಧ್ಯತೆಯೇ ಜಾಸ್ತಿ.

ಆ ದಿನ ಕೆಲಸಕ್ಕೆ ಕರೆಯಬಾರದು ಅಂತಲ್ಲ. ಕರೆದರೆ ಡಬಲ್ ಸಂಬಳ ಕೊಡಬೇಕು, ಇಲ್ಲವೇ ಆ ದಿನದ ಸಂಬಳದ ಜೊತೆಗೆ ಬದಲಿಗೆ ಇನ್ನೊಂದು ದಿನ ಸಂಬಳಸಹಿತ ರಜೆ ಕೊಡಬೇಕು. ನಮ್ಮಲ್ಲಿ ಕೆಲಸಕ್ಕಿದ್ದ ಎಷ್ಟೋ ಹುಡುಗ ಹುಡುಗಿಯರು ಆಗಸ್ಟ್ 15ಕ್ಕೆ ಧ್ವಜದ ಬ್ಯಾಡ್ಜ್ ಚುಚ್ಚಿಕೊಂಡು ಬೆಳಿಗ್ಗೆಯಿಂದ ರಾತ್ರಿವರೆಗೆ ಆಫರ್ ಸೇಲ್ ಮಾಡಿ, ಒಂದು ಲಡ್ಡು ತಿಂದು ಮನೆಗೆ ಹೋಗುತ್ತಿದ್ದರು. ಕಾಂಪ್ ಆಫ್ ಕೇಳಲೇ ಇಲ್ಲ, ಯಾಕೆಂದರೆ ಕೇಳಬಹುದು ಅಂತ ಗೊತ್ತೇ ಇರಲಿಲ್ಲ. ಗೊತ್ತಿದ್ದ ನಾನು ಹೇಳಲಿಲ್ಲ. ಅದು ನನ್ನ ತಪ್ಪು.

ವೀಕ್ ಆಫ್ ಕ್ಯಾನ್ಸಲ್ ಮಾಡುವುದು ಬೇರೆಯೇ ವಿಷಯ. 1961ರ ಅಂಗಡಿ ಕಾಯ್ದೆಯ ಲೆಕ್ಕ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ಸೇರಿಸಿದರೂ ದಿನಕ್ಕೆ 10 ಗಂಟೆ ದಾಟುವ ಹಾಗಿಲ್ಲ, ಓಟಿಗೆ ಡಬಲ್ ದರ. ಐದು ಗಂಟೆ ಕೆಲಸವಾದ ಮೇಲೆ ಒಂದು ಗಂಟೆ ವಿರಾಮ. 2021ರ ಜನವರಿಯಲ್ಲಿ ಹತ್ತು ಮತ್ತು ಹೆಚ್ಚು ಜನ ಇರುವ ಅಂಗಡಿಗಳು ವರ್ಷವಿಡೀ, 24 ಗಂಟೆಯೂ ತೆರೆದಿರಬಹುದು ಅಂತ ಸರ್ಕಾರ ಅನುಮತಿ ಕೊಟ್ಟಾಗಲೂ, ಪ್ರತಿಯೊಬ್ಬರಿಗೂ ಸರದಿ ಮೇಲೆ ವಾರಕ್ಕೊಂದು ರಜೆ ಕೊಡಬೇಕು ಅನ್ನುವ ಷರತ್ತು ಇತ್ತು. ಅಂಗಡಿಗೆ ರಜೆ ಇಲ್ಲ ಅನ್ನುವುದು ಒಂದು, ಕೆಲಸದವರಿಗೆ ರಜೆ ಇಲ್ಲ ಅನ್ನುವುದು ಇನ್ನೊಂದು. ಮ್ಯಾನೇಜರ್‌ಗಳು ಎರಡನ್ನೂ ಕಲಸಿಬಿಡುತ್ತಾರೆ.

ಹಾಗಂತ ನಾಳೆ ಬೆಳಿಗ್ಗೆಯೇ ಕಾಯ್ದೆ ಹಿಡಿದುಕೊಂಡು ಹೋಗಬೇಡಿ. ನೋಟಿಸ್ ಬೋರ್ಡಿನ ರೋಸ್ಟರ್ (ಯಾರಿಗೆ ಯಾವ ದಿನ ಕೆಲಸ ಅನ್ನುವ ಪಟ್ಟಿ) ಫೋಟೋ ತೆಗೆದಿಟ್ಟುಕೊಳ್ಳಿ. ಬಂದ ಹೊತ್ತು, ಹೋದ ಹೊತ್ತು ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಸಂಬಳ ಹಿಡಿದರೆ ಅಥವಾ ಕೆಲಸದಿಂದ ತೆಗೆಯುವ ಮಾತು ಬಂದರೆ ನಿಮ್ಮ ವಲಯದ ಕಾರ್ಮಿಕ ನಿರೀಕ್ಷಕರ ಕಚೇರಿ ಇದೆ. ಬೆಂಗಳೂರಿನಲ್ಲಿ ಯಾವ ನಿರೀಕ್ಷಕರು ಅಂತ ತಿಳಿಯದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕೇಳಿ. ಅಲ್ಲಿಗೆ ಹೋದಾಗ ಕೆಲಸಕ್ಕೆ ಬರುವುದು ಆ ಫೋಟೋ ಮತ್ತು ನೋಟ್‌ಬುಕ್.

ಸೂಪರ್ ಮಾರ್ಕೆಟ್ ಬಿಲ್ಲಿಂಗ್, ಶಿವಮೊಗ್ಗ:

ನಮ್ಮಲ್ಲಿ ಅದಲುಬದಲು ಪದ್ಧತಿ. ದೀಪಾವಳಿಯ ಮೂರು ದಿನ ನಾನು ಮತ್ತು ಇನ್ನೊಬ್ಬ ಹುಡುಗ ಬಿಲ್ಲಿಂಗ್‌ನಲ್ಲಿ ಕೂರುತ್ತೇವೆ. ರಂಜಾನ್‌ಗೆ ನಮ್ಮ ಕೌಂಟರ್‌ಗೆ ಉಳಿದವರು. ಆರು ವರ್ಷದಿಂದ ನಡೆಯುತ್ತಿದೆ. ಒಂದೇ ತಾಪತ್ರಯ ಅಂದರೆ ಚಂದ್ರ. ಹಬ್ಬ ನಾಳೆಯೋ ನಾಡಿದ್ದೋ ಅಂತ ಹಿಂದಿನ ಸಂಜೆವರೆಗೂ ತಿಳಿಯುವುದಿಲ್ಲ. ಮೊದಲ ವರ್ಷ ಒಂದೇ ದಿನ ಬರೆಸಿದ್ದೆ, ಚಂದ್ರ ಕಾಣಲಿಲ್ಲ. ರಜೆಯಲ್ಲಿ ಉಪವಾಸ ಇದ್ದು, ಹಬ್ಬದ ದಿನ ಬಿಲ್ ಹೊಡೆದೆ. ಅಂದಿನಿಂದ ಎರಡೂ ದಿನಕ್ಕೆ ಹೆಸರು ಬರೆಸಿ, ಸಂಜೆ ಒಂದನ್ನು ಬಿಟ್ಟುಕೊಡುತ್ತೇನೆ. ಬಕ್ರೀದ್‌ಗೆ ಈ ತಲೆನೋವಿಲ್ಲ, ಹತ್ತು ದಿನ ಮೊದಲೇ ಗೊತ್ತಾಗುತ್ತದೆ.

ನಿಮ್ಮ ಫ್ಲೋರ್‌ನಲ್ಲಿ ಕ್ರಿಸ್‌ಮಸ್ ಅಥವಾ ರಂಜಾನ್ ಮಾಡುವವರು ಯಾರಿದ್ದಾರೆ ನೋಡಿ. ಅವರಿಗೂ ಇದೇ ಚಿಂತೆ ಇರುತ್ತದೆ. ಬರೀ ಕೇಳಬೇಡಿ, ನೀವು ಯಾವ ದಿನ ಕೊಡುತ್ತೀರಿ ಅಂತ ಮೊದಲು ಹೇಳಿ.

ಚಿನ್ನದಂಗಡಿ, ಹುಬ್ಬಳ್ಳಿ:

ಎಲ್ಲರೂ ಹೊಂದಾಣಿಕೆ ಹೇಳಿಕೊಡುತ್ತಿದ್ದೀರಿ. ನಾನು ಸ್ವಲ್ಪ ಕಹಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ.

ಹನ್ನೊಂದು ವರ್ಷ ಹೊಂದಾಣಿಕೆ ಮಾಡಿಕೊಂಡೆ. ಅಕ್ಷಯ ತೃತೀಯಕ್ಕೆ ಬೆಳಿಗ್ಗೆ ಏಳಕ್ಕೇ ಅಂಗಡಿ. ಧನ ತ್ರಯೋದಶಿಗೆ ನಡುರಾತ್ರಿವರೆಗೆ. ಲಕ್ಷ್ಮೀ ಪೂಜೆ ದಿನ ಸಾಹುಕಾರರ ಅಂಗಡಿಯಲ್ಲಿ ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಆಗಬೇಕು. ಮುಹೂರ್ತ ಸಂಜೆ ಮೇಲೆಯೇ ಇರುವುದು. ಆರತಿ, ಪ್ರಸಾದ, ಸ್ವೀಟ್ ಬಾಕ್ಸ್, ಒಂದು ಅಂಗಿ ಬಟ್ಟೆ, ಕವರ್. ಎಲ್ಲ ಪ್ರೀತಿಯಿಂದಲೇ ಕೊಡುತ್ತಿದ್ದರು, ಸುಳ್ಳು ಹೇಳಬಾರದು. ನಾನು ಮನೆ ಮುಟ್ಟುವಾಗ ಹತ್ತೂವರೆ. ಹೆಂಡತಿ ಪೂಜೆ ಮಾಡದೆ ಕಾದು ಕೂತಿರುತ್ತಿದ್ದಳು. ಮಗಳು ಹೊಸ ಫ್ರಾಕ್‌ನಲ್ಲೇ ನಿದ್ದೆ. ನನ್ನ ಹತ್ತಿರ ಅವಳು ಸುರುಸುರುಬತ್ತಿ ಹಿಡಿದಿರುವ ಒಂದು ಫೋಟೋನೂ ಇಲ್ಲ.

ಕೊನೆಗೆ ನಾನು ಒಂದೇ ಒಂದು ದಿನ ಹಿಡಿದುಕೊಂಡೆ. ಬಲಿಪಾಡ್ಯಮಿ ನನ್ನದು. ಉಳಿದ ಯಾವ ದಿನಕ್ಕೂ ಬಾಯಿ ಬಿಡುವುದಿಲ್ಲ, ಪಾಡ್ಯ ಮಾತ್ರ ಬಿಡುವುದಿಲ್ಲ ಅಂತ ಸಾಹುಕಾರರಿಗೆ ಹೇಳಿದೆ. ಎರಡು ವರ್ಷ ಮುಖ ಸಿಂಡರಿಸಿದರು. ಈಗ ಅವರೇ, ಪಾಡ್ಯಕ್ಕೆ ಇವನು ಇರುವುದಿಲ್ಲ, ಇನ್ಯಾರನ್ನಾದರೂ ನೋಡು ಎನ್ನುತ್ತಾರೆ. ಎಲ್ಲ ಹಬ್ಬವನ್ನೂ ಅರ್ಧರ್ಧ ಕೇಳಿದರೆ ಒಂದೂ ಸಿಗುವುದಿಲ್ಲ. ನಿಮಗೆ ಗೌರಿ ಮುಖ್ಯವಾ? ಈ ವರ್ಷ ಅದನ್ನೊಂದು ಹಿಡಿಯಿರಿ.

ಹಾಂ, ಬೋನಸ್ ವಿಷಯ. ಇಪ್ಪತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಬೋನಸ್ ಸಾಹುಕಾರರ ಧರ್ಮವಲ್ಲ, ಕನಿಷ್ಠ 8.33 ಶೇಕಡಾ ಅಂತ ಕಾನೂನಿನಲ್ಲೇ ಇದೆ. ಹಬ್ಬಕ್ಕೆ ರಜೆ ಹಾಕಿದರೆ ಬೋನಸ್ ಕಟ್ ಅಂತ ಹೆದರಿಸುವವರಿದ್ದಾರೆ, ಅದಕ್ಕೆ ಹೇಳಿದೆ.

ಓದಲು ಬಂದವನು, ಇಂಗ್ಲೆಂಡ್:

ದಾವಣಗೆರೆಯವನು. ಇಲ್ಲಿ ಓದುತ್ತಾ ವಾರಕ್ಕೆ 20 ಗಂಟೆ ಒಂದು ಸೂಪರ್ ಮಾರ್ಕೆಟ್‌ನಲ್ಲಿ ಶೆಲ್ಫ್ ತುಂಬುತ್ತೇನೆ. ಇಲ್ಲಿ 280 ಚದರ ಮೀಟರ್‌ಗಿಂತ ದೊಡ್ಡ ಅಂಗಡಿ ಡಿಸೆಂಬರ್ 25ಕ್ಕೆ ತೆರೆಯುವ ಹಾಗೇ ಇಲ್ಲ, 2004ರಲ್ಲಿ ಅದಕ್ಕಂತಲೇ ಕಾನೂನು ಮಾಡಿದ್ದಾರೆ. ಇಡೀ ಬೀದಿ ಸ್ತಬ್ಧ. ಮಾರನೇ ದಿನ ಬೆಳಿಗ್ಗೆ ಸೇಲ್ ಶುರು, ಅದಕ್ಕೆ ಆ ಹಬ್ಬ ಮಾಡಿದವರೇ ಅರ್ಧ ನಿದ್ದೆಯಲ್ಲಿ ಬರಬೇಕು. ದೀಪಾವಳಿಗೆ ಮಾತ್ರ ನನಗೆ ರಜೆಯಿಲ್ಲ. ಕಳೆದ ಸಲ ದೀಪಾವಳಿ ಆಫರ್‌ನ ಬಾಸ್ಮತಿ ಮೂಟೆ ಜೋಡಿಸುತ್ತಾ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ನಿಮಗೆ ಸಲಹೆ ಏನೂ ಇಲ್ಲ ಅಕ್ಕ, ಸುಮ್ನೆ ಹೇಳಬೇಕು ಅನ್ನಿಸಿತು.

ರೆಡಿಮೇಡ್ ಸೆಕ್ಷನ್, ಮೈಸೂರು:

ರಜೆ ಸಿಗಲಿ ಬಿಡಲಿ, ಅದರ ಹಿಂದಿನ ವಾರ ನಿಂತೇ ಕಳೆಯಬೇಕಲ್ಲ, ಅದರ ಬಗ್ಗೆ ಯಾರೂ ಹೇಳಲಿಲ್ಲ. ಹೊಸ ಚಪ್ಪಲಿ ಹಬ್ಬದ ವಾರದಲ್ಲಿ ಹಾಕಬೇಡ, ಹಳೆಯದೇ ಇರಲಿ. ಟಾಯ್ಲೆಟ್‌ಗೆ ಹೋಗಬೇಕಾಗುತ್ತದೆ ಅಂತ ನೀರು ಕುಡಿಯದೆ ಇರಬೇಡ. ನಾನು ಹಾಗೆ ಮಾಡಿ ದಸರಾ ಸಮಯದಲ್ಲಿ ಉರಿಮೂತ್ರ ಬಂದು ಒದ್ದಾಡಿದೆ. ಕೇರಳದಲ್ಲಿ ಬಟ್ಟೆ ಅಂಗಡಿಯ ಹೆಂಗಸರು ಹೋರಾಡಿ, 2018ರಲ್ಲಿ ಕೂರುವ ಹಕ್ಕನ್ನು ಕಾನೂನಿಗೇ ಸೇರಿಸಿಕೊಂಡರು. 2021ರಲ್ಲಿ ತಮಿಳುನಾಡಿನಲ್ಲೂ ಆಯಿತು. ನಮ್ಮಲ್ಲಿ ನಾವು ಟ್ರಯಲ್ ರೂಮಿನ ಸ್ಟೂಲ್ ಮೇಲೆ ಸರದಿಯಂತೆ ಐದೈದು ನಿಮಿಷ ಕೂತು ಬರುತ್ತೇವೆ. ರಾತ್ರಿ ಬಾಗಿಲು ಹಾಕಿದ ಮೇಲೆ ಮನೆಗೆ ಹೇಗೆ ಅಂತಲೂ ಈಗಲೇ ಕೇಳಿಟ್ಟುಕೋ, ಹನ್ನೊಂದಕ್ಕೆ ರಸ್ತೆಯಲ್ಲಿ ನಿಂತು ಆಟೋ ಹುಡುಕುವ ಹಾಗಾಗಬಾರದು.

ಕೇಳಿದವರು, ಹಬ್ಬ ಕಳೆದ ಮೇಲೆ:

ಎಲ್ಲರಿಗೂ ಹೇಳಬೇಕಿತ್ತು, ತಡವಾಯಿತು. ಚಿಕ್ಕಪೇಟೆ ಅಣ್ಣ ಹೇಳಿದ ಹಾಗೆಯೇ ಕೇಳಿದೆ. ಮೊದಲ ಸಲ 'ನೋಡೋಣ' ಅಂದರು. ಎರಡನೇ ಸಲ ಪಕ್ಕದ ಕೌಂಟರ್‌ನ ಹುಡುಗಿಯನ್ನು ಕರೆದುಕೊಂಡು ಹೋದೆ, ಪುಸ್ತಕದಲ್ಲಿ ಬರೆದು ಸಹಿ ಹಾಕಿದರು. ಮುನ್ನಾದಿನ ಹತ್ತು ಗಂಟೆವರೆಗೆ ಫ್ಲೋರ್‌ನಲ್ಲೇ ಇದ್ದೆ. ಅಲ್ಲಿಂದ ನೇರ ಮೆಜೆಸ್ಟಿಕ್, ನಾನೂ ಇವರೂ ಶಿವಮೊಗ್ಗ ಬಸ್ಸು ಹತ್ತಿ ತಿಪಟೂರಿನಲ್ಲಿ ಇಳಿದಾಗ ಬೆಳಗಿನ ಜಾವ ಮೂರು. ಅಪ್ಪ ಬೈಕ್ ತಂದು ಕಾಯುತ್ತಿದ್ದರು. ಪೂಜೆಯಲ್ಲಿ ತೂಕಡಿಸುತ್ತಿದ್ದೆನಂತೆ, ಅತ್ತಿಗೆ ಇನ್ನೂ ಆಡಿಕೊಳ್ಳುತ್ತಾರೆ. ಹದಿನಾರು ಬಾಗಿನ ಕೊಟ್ಟೆ. ಗಣೇಶನ ದಿನ ಬೆಳಿಗ್ಗೆ ಎದ್ದು ಬಸ್ಸು ಹತ್ತಿ, ಮಧ್ಯಾಹ್ನದ ಶಿಫ್ಟ್‌ಗೆ ಬಂದೆ.

ನನ್ನ ಬದಲು ನಿಂತ ಹುಡುಗಿಗೆ ಡಿಸೆಂಬರ್ 24 ಮತ್ತು 25 ಬರೆದುಕೊಟ್ಟಿದ್ದೇನೆ. ಒಂದು ದಿನಕ್ಕೆ ಎರಡು ದಿನ, ಅವಳು ಚೌಕಾಸಿಯಲ್ಲಿ ನನಗಿಂತ ಜೋರು.

ಆಗಸ್ಟ್ 15ರ ಕಾಂಪ್ ಆಫ್ ಕೇಳಿದೆ. ಪಟ್ಟಿ ನೋಡಿ ಹೇಳುತ್ತೇವೆ ಎಂದಿದ್ದಾರೆ. ಪಿತೃಪಕ್ಷ ಮುಗಿಯಲು ಇನ್ನು ಎಂಟು ದಿನ ಇದೆ, ನಾಳೆ ಮತ್ತೆ ಕೇಳುತ್ತೇನೆ.