ಸಹಾಯ ಬೇಕು: ಗಾರ್ಮೆಂಟ್ಸ್ ಕಂಪನಿ ಬಾಗಿಲು ಹಾಕಿದೆ, ಅಮ್ಮನ ಗ್ರಾಚ್ಯುಟಿ ಯಾರನ್ನು ಕೇಳಬೇಕು?

ಎಲ್ಲರಿಗೂ ನಮಸ್ಕಾರ. ನಮ್ಮಮ್ಮ ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ 11 ವರ್ಷ ಟೈಲರ್ ಆಗಿದ್ದರು. ಮೂರು ತಿಂಗಳ ಹಿಂದೆ ಬೆಳಿಗ್ಗೆ ಹೋದರೆ ಗೇಟಿಗೆ ಬೀಗ. ಎರಡು ತಿಂಗಳ ಸಂಬಳ ಬಾಕಿ. ಕೊನೆಯ ಸಂಬಳ 12,500. ತಿಂಗಳಿಗೆ 26 ದಿನ ಎಂದು ಹಿಡಿದು, ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಗ್ರಾಚ್ಯುಟಿಯೇ (ಕೆಲಸ ಮುಗಿದಾಗ ಸೇವೆಗಾಗಿ ಕಂಪನಿ ಕೊಡಬೇಕಾದ ಹಣ) 79 ಸಾವಿರ ದಾಟುತ್ತದೆ.

ಮಾಲೀಕರನ್ನು ಕೇಳಿದರೆ, "ಸಾಲ ಕಂಪನಿಯದ್ದು, ನನ್ನದಲ್ಲ" ಅನ್ನುತ್ತಾರೆ. ಕಾನೂನಿನ ಕಣ್ಣಿಗೆ ಕಂಪನಿಯೇ ಬೇರೆ ವ್ಯಕ್ತಿಯಂತೆ. ಇದು 1897ರಲ್ಲಿ ಲಂಡನ್ನಿನ ಸಾಲೊಮನ್ ಎಂಬ ಬೂಟು ವ್ಯಾಪಾರಿಯ ಕೇಸಿನಿಂದ ಗಟ್ಟಿಯಾದ ಮಾತು ಅಂತ ಓದಿದೆ. ಇರಲಿ. ಆದರೆ ಅದೇ ಮಾಲೀಕರು, ಅದೇ ಹೊಲಿಗೆ ಮಿಷಿನ್ನುಗಳು, ಪಕ್ಕದ ರಸ್ತೆಯಲ್ಲಿ ಹೊಸ ಹೆಸರಿನ ಬೋರ್ಡು! ಇದೆಂಥ ಬೇರೆ ವ್ಯಕ್ತಿ ಹೇಳಿ?

ಕಂಪನಿ ದಿವಾಳಿಯಾಗಿ, ಅದರ ಆಸ್ತಿ ಮಾರಿ ಸಾಲ ತೀರಿಸುವ ಲಿಕ್ವಿಡೇಶನ್‌ಗೆ ಹೋದರೆ, ಕಾರ್ಮಿಕರ 24 ತಿಂಗಳವರೆಗಿನ ಬಾಕಿಗೆ ಅಡಮಾನ ಇಟ್ಟುಕೊಂಡ ಬ್ಯಾಂಕಿನ ಸಮನಾದ ಸ್ಥಾನವಿದೆ ಎಂದು 2016ರ ದಿವಾಳಿ ಕಾಯ್ದೆಯ 53ನೇ ಸೆಕ್ಷನ್ ಹೇಳುತ್ತದೆ. ಆದರೆ ಇಲ್ಲಿ ದಿವಾಳಿ ಅರ್ಜಿಯನ್ನೇ ಯಾರೂ ಹಾಕಿಲ್ಲ, ಸುಮ್ನೆ ಬೀಗ ಅಷ್ಟೇ.

ಗ್ರಾಚ್ಯುಟಿ ಅರ್ಜಿಯಲ್ಲಿ ಹೊಸ ಕಂಪನಿಯನ್ನೂ, ಡೈರೆಕ್ಟರುಗಳನ್ನೂ ಪಾರ್ಟಿ (ಎದುರು ಪಕ್ಷ) ಮಾಡಬಹುದಾ? ಮಿಷಿನ್ನು ಸಾಗಿಸಿದ ಫೋಟೋಗಳಿವೆ, ಸಾಕ್ಷಿಗೆ ನಡೆಯುತ್ತಾ? ಅಮ್ಮನ ಜೊತೆ ಇನ್ನೂ 40 ಜನ ಇದ್ದಾರೆ, ಒಟ್ಟಿಗೆ ಹಾಕಬೇಕಾ, ಬೇರೆ ಬೇರೆಯಾ? ಹೆಚ್ಚಿನವರ ಹತ್ತಿರ ಸಂಬಳದ ಚೀಟಿ, ಪಿಎಫ್ ನಂಬರ್ ಬಿಟ್ಟು ಬೇರೇನೂ ಇಲ್ಲ.

ಕಾರ್ಮಿಕರ ಕೇಸು ನಡೆಸಿದ ವಕೀಲರು, ಯೂನಿಯನ್‌ನವರು ಇದ್ದರೆ ದಯವಿಟ್ಟು ತಿಳಿಸಿ. ಸೋಮವಾರ ಕಾರ್ಮಿಕ ಇಲಾಖೆಗೆ ಹೋಗುತ್ತಿದ್ದೇವೆ.